ಟ್ಯಾಕ್ಸಿಯ ಮೇಲೆ ಹೋದ ಗುಟ್ಟು

1940ರ ಆಗಸ್ಟ್ ತಿಂಗಳ ಕೊನೆ. ಲಂಡನ್ನಿನ ಯೂಸ್ಟನ್ ರೈಲು ನಿಲ್ದಾಣಕ್ಕೆ ಟ್ಯಾಕ್ಸಿಯೊಂದು ಬಂತು. ಅದರ ನೆತ್ತಿಯ ಮೇಲೊಂದು ಕಪ್ಪು ತಗಡಿನ ಪೆಟ್ಟಿಗೆ. ಒಳಗಿಟ್ಟುಕೊಳ್ಳಲು ಚಾಲಕ ಒಪ್ಪಿರಲಿಲ್ಲ. ನಿಲ್ದಾಣದ ಕೂಲಿ ಅದನ್ನು ಹೆಗಲಿಗೇರಿಸಿಕೊಂಡು ಜನಜಂಗುಳಿಯಲ್ಲಿ ಬಿರಬಿರನೆ ನುಗ್ಗಿದ. ಅವನು ಕಣ್ಮರೆಯಾಗದಂತೆ ಹಿಂದೆ ಓಡಿದವನು ಭೌತವಿಜ್ಞಾನಿ ಎಡ್ವರ್ಡ್ ಬೋವೆನ್. ಬ್ರಿಟನ್ನಿನ ಮುಖ್ಯ ತಾಂತ್ರಿಕ ಯುದ್ಧರಹಸ್ಯಗಳು ಆ ಪೆಟ್ಟಿಗೆಯಲ್ಲಿದ್ದವು. ಅವನ್ನು ಬ್ರಿಟಿಷ್ ವಿಜ್ಞಾನಿ ಹೆನ್ರಿ ಟಿಜಾರ್ಡ್ ನೇತೃತ್ವದ ತಂಡವೊಂದು ಅಮೆರಿಕಕ್ಕೆ ಒಯ್ಯುತ್ತಿತ್ತು, ಕೊಟ್ಟುಬಿಡುವುದಕ್ಕೆ.

ಫ್ರಾನ್ಸ್ ಜೂನ್‌ನಲ್ಲೇ ಶರಣಾಗಿತ್ತು. ಬ್ರಿಟನ್ನಿಗೆ ಹಡಗು, ವಿಮಾನ, ಮದ್ದುಗುಂಡು ಎಲ್ಲವೂ ಬೇಕಿದ್ದವು. ತಯಾರಿಸುವ ತಾಕತ್ತಿದ್ದದ್ದು ಅಮೆರಿಕಕ್ಕೆ. ಆದರೆ ಅಮೆರಿಕ ತಟಸ್ಥವಾಗಿತ್ತು. ಹಿಂದಿನ ಮಹಾಯುದ್ಧದ ಸಾಲ ತೀರಿಸದವರಿಗೆ ಹೊಸ ಸಾಲವಿಲ್ಲ ಎಂದು 1934ರ ಕಾನೂನು ಹೇಳುತ್ತಿತ್ತು. ನಗದು ಕೊಡಿ, ಸರಕನ್ನು ನಿಮ್ಮ ಹಡಗಿನಲ್ಲೇ ಒಯ್ಯಿರಿ ಎಂದು 1939ರ ಕಾನೂನು ಹೇಳುತ್ತಿತ್ತು. ಸಾಲದ್ದಕ್ಕೆ ನವೆಂಬರ್‌ನಲ್ಲಿ ಅಧ್ಯಕ್ಷರ ಚುನಾವಣೆ.

ಮೈತ್ರಿಗಳನ್ನು ಅಧ್ಯಯನ ಮಾಡಿದ ರಾಜ್ಯಶಾಸ್ತ್ರಜ್ಞ ಗ್ಲೆನ್ ಸ್ನೈಡರ್ ಇಂಥ ನಂಟುಗಳಲ್ಲಿ ಎರಡು ಭಯಗಳನ್ನು ಗುರುತಿಸಿದ. ಒಂದು, ಜೊತೆಗಾರ ನಡುನೀರಿನಲ್ಲಿ ಕೈಬಿಟ್ಟಾನೆಂಬ ಭಯ. ಇನ್ನೊಂದು, ಅವನ ಜಗಳ ನನ್ನ ಕೊರಳಿಗೆ ಸುತ್ತಿಕೊಂಡೀತೆಂಬ ಭಯ. ಕಷ್ಟದಲ್ಲಿರುವವನು ಮೊದಲನೆಯದರಿಂದ ಹೆದರಿ ಗಟ್ಟಿಯಾಗಿ ಹಿಡಿದಷ್ಟೂ ಎದುರಿನವನಿಗೆ ಎರಡನೆಯದು ಹೆಚ್ಚುತ್ತದೆ. ಗೋಗರೆಯುವುದು ಎಷ್ಟೋ ಸಲ ತಿರುಗುಬಾಣವಾಗುವುದು ಇದಕ್ಕೇ.

ಟಿಜಾರ್ಡ್ ಹಿಡಿದದ್ದು ಬೇರೆ ದಾರಿ: ಬದಲಿಗೆ ಏನನ್ನೂ ಕೇಳದೆ ಮೊದಲು ನಾವೇ ಕೊಡೋಣ. ಚರ್ಚಿಲ್‌ಗೆ ಇದು ಸುಲಭಕ್ಕೆ ಒಪ್ಪಿಗೆಯಾಗಲಿಲ್ಲ. ಅವನ ಅನುಮಾನ ತಪ್ಪೆಂದೂ ಹೇಳಲಾಗದು. ಹೇಳಿಬಿಟ್ಟ ಗುಟ್ಟನ್ನು ವಾಪಸು ಕೇಳಲು ಬರುವುದಿಲ್ಲ.

ಪೆಟ್ಟಿಗೆಯಲ್ಲಿದ್ದ ಮುಖ್ಯ ವಸ್ತು ಅಂಗೈಯಲ್ಲಿ ಹಿಡಿಸುವಂಥ ತಾಮ್ರದ ಗಟ್ಟಿ: ಕುಳಿ ಮ್ಯಾಗ್ನೆಟ್ರಾನ್. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ರಾಂಡಲ್ ಮತ್ತು ಬೂಟ್ ಅದೇ ವರ್ಷದ ಫೆಬ್ರವರಿಯಲ್ಲಿ ಅದನ್ನು ಮೊದಲ ಸಲ ಚಾಲೂ ಮಾಡಿದ್ದರು. ಖಾಲಿ ಸೀಸೆಯ ಬಾಯಿಗೆ ಅಡ್ಡಲಾಗಿ ಊದಿದರೆ ಒಳಗಿನ ಗಾಳಿ ತನ್ನದೇ ಶ್ರುತಿಯಲ್ಲಿ ಗುಂಯ್‌ಗುಡುತ್ತದಲ್ಲ, ಹಾಗೆಯೇ ಇದೂ. ತಾಮ್ರದ ನಡುವಿನ ಟೊಳ್ಳಿನಲ್ಲಿ ಎಲೆಕ್ಟ್ರಾನುಗಳು ಹೊರಡುತ್ತವೆ. ಅಯಸ್ಕಾಂತ ಅವುಗಳ ದಾರಿಯನ್ನು ಬಾಗಿಸಿ ಸುತ್ತು ಹೊಡೆಸುತ್ತದೆ. ಸುತ್ತಲೂ ಕೊರೆದ ಕುಳಿಗಳ ಬಾಯಿಯನ್ನು ಅವು ಹಾದುಹೋಗುವಾಗ ಕುಳಿಗಳು ‘ಹಾಡತೊಡಗುತ್ತವೆ’. ಹೊರಬರುವುದು ಸದ್ದಲ್ಲ, ಸುಮಾರು 10 ಸೆಂಟಿಮೀಟರ್ ಉದ್ದದ ರೇಡಿಯೋ ತರಂಗ. ಬ್ರಿಟನ್ನಿನ ಕರಾವಳಿಯ ರೇಡಾರ್ 10 ಮೀಟರಿಗೂ ಉದ್ದದ ತರಂಗಗಳನ್ನು ಬಳಸುತ್ತಿತ್ತು, ಅದಕ್ಕೆ ಗೋಪುರಗಳೇ ಬೇಕಿದ್ದವು. ತರಂಗ ಗಿಡ್ಡವಾದರೆ ಆಂಟೆನಾ ಕೂಡ ಚಿಕ್ಕದು. ರೇಡಾರ್ ವಿಮಾನದ ಮೂತಿಯೊಳಗೆ ಕೂರಬಹುದು. ನೀರಿನ ಮೇಲೆ ತಲೆಯೆತ್ತಿದ ಜಲಾಂತರ್ಗಾಮಿಯನ್ನು ಕತ್ತಲಲ್ಲೂ ಹುಡುಕಬಹುದು.

ಅಕ್ಟೋಬರ್‌ನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದವರು ಮ್ಯಾಗ್ನೆಟ್ರಾನ್‌ಗೆ ವಿದ್ಯುತ್ ಕೊಟ್ಟಾಗ ಸುಮಾರು 10 ಕಿಲೋವ್ಯಾಟ್ ಹೊಮ್ಮಿತು. ಆ ತರಂಗದಲ್ಲಿ ಅಮೆರಿಕನ್ನರ ಯಾವ ವಾಲ್ವೂ (ಎಲೆಕ್ಟ್ರಾನ್ ನಳಿಗೆಯೂ) ಅದರ ಹತ್ತಿರ ಸುಳಿಯುವಂತಿರಲಿಲ್ಲ. ಆಮೇಲೊಂದು ಪೇಚಾಟ: ಎಕ್ಸ್‌ರೇ ತೆಗೆದು ನೋಡಿದರೆ ಒಳಗೆ ಎಂಟು ಕುಳಿ, ಬೋವೆನ್ ಕೊಟ್ಟ ನಕ್ಷೆಯಲ್ಲಿ ಆರೇ! ಬಚ್ಚಿಡುತ್ತಿದ್ದಾರೆಯೇ ಎಂಬ ಗುಮಾನಿ ಹುಟ್ಟಲು ಇಷ್ಟು ಸಾಕು. ಅಟ್ಲಾಂಟಿಕ್ ಆಚೆಗೆ ಫೋನ್ ಮಾಡಿ ವಿಚಾರಿಸಿದ ಮೇಲೆ ತಿಳಿಯಿತು, ನಕ್ಷೆ ಹಳೆಯ ಮಾದರಿಯದು.

ಹಡಗು ಕೊಟ್ಟವನ ಬಳಿ ಒಂದು ಹಡಗು ಕಡಿಮೆಯಾಗುತ್ತದೆ. ಅರಿವು ಹಾಗಲ್ಲ, ಕೊಟ್ಟ ಮೇಲೂ ಉಳಿದಿರುತ್ತದೆ. ಅದಕ್ಕಿಂತ ಮುಖ್ಯವಾಗಿ, ಪಡೆದವನ ಕೈಗೆ ಕೆಲಸ ಕೊಡುತ್ತದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಅದೇ ವರ್ಷ ತೆರೆದ ರೇಡಾರ್ ಪ್ರಯೋಗಾಲಯ ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 4,000 ಜನರ ಸಂಸ್ಥೆಯಾಗಿತ್ತು. ಬ್ರಿಟನ್ ಉಳಿಯುವುದು ಅವರಿಗೆ ಈಗ ಪರರ ಚಿಂತೆಯಲ್ಲ, ತಮ್ಮದೇ ಕೆಲಸದ ಫಲ. ನನಗೆ ಟಿಜಾರ್ಡನ ಜಾಣತನ ಕಾಣುವುದು ಇಲ್ಲಿ. ಋಣದ ಭಾವನೆಯನ್ನು ನೆಚ್ಚಿದ್ದರೆ ಅದು ಎಷ್ಟು ದಿನ ಬಾಳುತ್ತಿತ್ತು? ಅಂದಹಾಗೆ, ಬ್ರಿಟಿಷರು ಆಸೆಪಟ್ಟಿದ್ದ ನಾರ್ಡನ್ ಬಾಂಬ್‌ಗುರಿ ಸಾಧನವನ್ನು ಅಮೆರಿಕನ್ನರು ಆಗ ಕೊಡಲೇ ಇಲ್ಲ.

ರಾಜಕೀಯದ ಬೆಂಬಲವೋ, ಎಣಿಕೆಯ ಮೇಲೆ ನಿಂತದ್ದು. ಸಾಮಗ್ರಿಯನ್ನು ಹಣವಿಲ್ಲದೆ ಒದಗಿಸುವ ‘ಲೆಂಡ್-ಲೀಸ್’ ಮಸೂದೆ 1941ರ ಮಾರ್ಚ್‌ನಲ್ಲಿ ಸೆನೆಟ್‌ನಲ್ಲಿ 60-31 ಮತಗಳಿಂದ ಗೆದ್ದಿತು. ಐದೇ ತಿಂಗಳಿಗೆ, ಕಡ್ಡಾಯವಾಗಿ ಸೇನೆಗೆ ಸೇರಿದವರ ಅವಧಿಯನ್ನು ವಿಸ್ತರಿಸುವ ಮಸೂದೆ ಕೆಳಮನೆಯಲ್ಲಿ ದಾಟಿದ್ದು 203-202ರಲ್ಲಿ. ಸರಕು ಕಳಿಸಲು ಕೈಯೆತ್ತಿದ ದೇಶ ಮಕ್ಕಳನ್ನು ಸೇನೆಯಲ್ಲಿಟ್ಟುಕೊಳ್ಳುವ ಮಾತು ಬಂದಾಗ ಒಂದೇ ಒಂದು ಮತದ ಅಂತರಕ್ಕೆ ಬಂದು ನಿಂತಿತ್ತು.

ಸಮಾನ ಶತ್ರು ಬಿದ್ದೊಡನೆ ಲೆಕ್ಕ ಬದಲಾಯಿತು. 1945ರ ಆಗಸ್ಟ್‌ನಲ್ಲಿ ಜಪಾನ್ ಶರಣಾದ ಬೆನ್ನಿಗೇ ಲೆಂಡ್-ಲೀಸ್ ನಿಂತಿತು. ಮರುವರ್ಷ ಅಣುಗುಟ್ಟಿನ ಬಾಗಿಲೂ ಮುಚ್ಚಿತು, ಅಣುಬಾಂಬ್ ತಯಾರಾದ ಲಾಸ್ ಅಲಮೋಸ್‌ನಲ್ಲಿ ಬ್ರಿಟಿಷ್ ವಿಜ್ಞಾನಿಗಳೂ ದುಡಿದಿದ್ದರೆಂಬುದನ್ನು ಲೆಕ್ಕಿಸದೆ. ಖಾಲಿ ಬೊಕ್ಕಸದ ಬ್ರಿಟನ್ ಅಮೆರಿಕದಿಂದ 375 ಕೋಟಿ ಡಾಲರ್ ಸಾಲ ಪಡೆಯಿತು, ಶೇಕಡಾ 2ರ ಬಡ್ಡಿಗೆ. ಕೊನೆಯ ಕಂತು ಕಟ್ಟಿದ್ದು 2006ರ ಡಿಸೆಂಬರ್ 29ರಂದು.