ಊರು ಕೈಗೆ ಬಂದಮೇಲೇ ಕೌಂಟ್: ವಾಸ್ಕೋ ಡ ಗಾಮನ ಮನೆತನ

ಹುಬ್ಬಳ್ಳಿ ಕಡೆಯಿಂದ ಗೋವಾಕ್ಕೆ ರೈಲಲ್ಲಿ ಹೋಗುವವರಿಗೆ ವಾಸ್ಕೋ ಅಂದರೆ ಕೊನೆಯ ಸ್ಟೇಷನ್. ಪಠ್ಯದಲ್ಲಿ ಅದೇ ಹೆಸರು '1498, ಕಲ್ಲಿಕೋಟೆ' ಎನ್ನುವಲ್ಲಿಗೆ ಮುಗಿದುಹೋಗುತ್ತದೆ. ಅವನ ಮಕ್ಕಳು, ಮರಿಮಕ್ಕಳ ಕಥೆ ಓದಿದರೆ ಪೋರ್ಚುಗೀಸರು ಇಲ್ಲಿಗೆ ಯಾಕೆ ಮತ್ತೆ ಮತ್ತೆ ಬಂದರು ಅನ್ನುವುದು ಚೆನ್ನಾಗಿ ಅರ್ಥವಾಗುತ್ತದೆ.

ಮೊದಲು ಬಿರುದಿನ ವಿಷಯ. ಗಾಮ 1499ರಲ್ಲಿ ಲಿಸ್ಬನ್‌ಗೆ ಮರಳಿದ. ದೊರೆ ಮನುವೆಲ್ ಅವನಿಗೆ 'ದೊಂ' ಎಂಬ ಗೌರವ ಕೊಟ್ಟ, ಅಡ್ಮಿರಲ್ ಮಾಡಿದ. ಆದರೆ ಕೌಂಟ್, ಅಂದರೆ ಬಿರುದುಳ್ಳ ದೊಡ್ಡ ಶ್ರೀಮಂತ, ಆಗಬೇಕಾದರೆ ಬರೀ ಹೆಸರು ಸಾಲದು, 'ಇಂಥ ಊರಿನ ಕೌಂಟ್' ಅನ್ನಲು ಒಂದು ಊರು ಬೇಕು. ಈ ಅಂಶ ಗುರುತು ಹಾಕಿಕೊಳ್ಳಿ, ಉಳಿದದ್ದೆಲ್ಲ ಇದರಿಂದಲೇ ಬಿಚ್ಚಿಕೊಳ್ಳುತ್ತದೆ. ದೊರೆ ಕೊಡುತ್ತೇನೆಂದ ಊರು ಸೀನೆಶ್, ಗಾಮನ ಹುಟ್ಟೂರು. ಅದು ಸಾಂತಿಯಾಗೊ ಎಂಬ ಧಾರ್ಮಿಕ ಯೋಧರ ಸಂಘದ ಕೈಯಲ್ಲಿತ್ತು, ಅವರು ಬಿಡಲಿಲ್ಲ. ಕೊನೆಗೆ 1507ರಲ್ಲಿ ಗಾಮನೇ ಸೀನೆಶ್ ಬಿಟ್ಟು ಹೋಗಬೇಕೆಂದು ಆಜ್ಞೆಯಾಯಿತು! ಹುಟ್ಟಿದ ಊರಲ್ಲೇ ಜಾಗ ಇಲ್ಲ ಅಂದರೆ ಎಷ್ಟು ನೋವಾಗಿರಬೇಡ?

1518ರಲ್ಲಿ ಅವನು ದೇಶವನ್ನೇ ಬಿಟ್ಟು ಹೋಗುತ್ತೇನೆಂದ. ಪೋರ್ಚುಗೀಸ್ ನಾವಿಕ ಮೆಗಲನ್ ಆಗಷ್ಟೇ ಸ್ಪೇನ್ ಸೇರಿದ್ದ, ಇವನನ್ನೂ ಕಳೆದುಕೊಳ್ಳಲು ದೊರೆ ತಯಾರಿರಲಿಲ್ಲ. ಬ್ರಗಾಂಸಾದ ಡ್ಯೂಕ್ ತನ್ನ ವಿದಿಗೇರಾ ಮತ್ತು ವಿಲಾ ದೊಸ್ ಫ್ರಾದೆಸ್ ಊರುಗಳನ್ನು ಹಣಕ್ಕೆ ಬಿಟ್ಟುಕೊಟ್ಟ. 1519ರ ಡಿಸೆಂಬರ್ 29ರಂದು ಗಾಮ ವಿದಿಗೇರಾದ ಮೊದಲ ಕೌಂಟ್ ಆದ. ಯಾನ ಮುಗಿದು 20 ವರ್ಷಗಳಾಗಿದ್ದವು.

1524ರಲ್ಲಿ ಅವನು ವೈಸರಾಯ್ ಆಗಿ ಬಂದು, ಡಿಸೆಂಬರ್ 24ರಂದು ಕೊಚ್ಚಿಯಲ್ಲಿ ತೀರಿಕೊಂಡ. ಬಿರುದು, ಜಮೀನು ಎರಡೂ ಹಿರಿಮಗ ಫ್ರಾನ್ಸಿಸ್ಕೋನ ಪಾಲಾಯಿತು. ಕಿರಿಯರು ತಮ್ಮ ದಾರಿ ತಾವೇ ನೋಡಿಕೊಳ್ಳಬೇಕು. ಆ ದಾರಿ ಅಂದರೆ ಸಮುದ್ರ. ಪಾವ್ಲೋ, ಪೆದ್ರೋ, ಅಲ್ವಾರೊ ಮೂವರೂ ಈಗಿನ ಮಲೇಷ್ಯಾದ ಮಲಾಕ್ಕಾದಲ್ಲಿ ಕ್ಯಾಪ್ಟನ್, ಅಂದರೆ ಅಲ್ಲಿನ ಕೋಟೆಯ ಮುಖ್ಯಸ್ಥ, ಆದರು. ಇನ್ನೊಬ್ಬ ಮಗ ಎಸ್ತೆವಾಂವ್ 1540ರಲ್ಲಿ ಇಲ್ಲಿನ ಪೋರ್ಚುಗೀಸ್ ಗವರ್ನರ್ ಆಗಿ, ಮರುವರ್ಷ ಕೆಂಪು ಸಮುದ್ರಕ್ಕೆ ಹಡಗುಪಡೆ ಒಯ್ದ. ಅಲ್ಲಿಂದ ತಮ್ಮ ಕ್ರಿಸ್ತೊವಾಂವ್‌ನನ್ನು 400 ಸೈನಿಕರೊಂದಿಗೆ ಇಥಿಯೋಪಿಯಾದ ದೊರೆಯ ಸಹಾಯಕ್ಕೆ ಕಳಿಸಿದ. ಮೊದಮೊದಲು ಗೆದ್ದ ಆ ಹುಡುಗ, 1542ರಲ್ಲಿ ಆ ದೊರೆಯ ಶತ್ರು ಇಮಾಮ್ ಅಹ್ಮದ್‌ನ ಕೈಗೆ ಸಿಕ್ಕಿ ಕೊಲೆಯಾದ. ಮರುವರ್ಷ ಅವನ ಪಡೆಯಲ್ಲಿ ಉಳಿದವರು ಇಥಿಯೋಪಿಯಾದವರ ಜೊತೆ ಸೇರಿ ಕಾದಾಡಿದರು, ಆ ಯುದ್ಧದಲ್ಲಿ ಇಮಾಮ್ ಸತ್ತ. ಈ ಮನೆತನದಲ್ಲಿ ನನ್ನ ಮನಸ್ಸಿಗೆ ಜಾಸ್ತಿ ಹತ್ತಿರವಾದವನು ಈ ಕ್ರಿಸ್ತೊವಾಂವ್.

ಬಿರುದು ಆಮೇಲೆ ಇನ್ನೂ ಮೇಲೇರಿತು. ಐದನೇ ಕೌಂಟ್ ವಾಸ್ಕೋ ಲೂಯಿಸ್, ಫ್ರಾನ್ಸ್‌ನಲ್ಲಿ ರಾಯಭಾರಿಯಾಗಿದ್ದವನು, 1646ರಲ್ಲಿ ನೀಜಾದ ಮಾರ್ಕ್ವಿಸ್ ಆದ. ಮಾರ್ಕ್ವಿಸ್ ಅಂದರೆ ಕೌಂಟ್‌ಗಿಂತ ಒಂದು ಮೆಟ್ಟಿಲು ಮೇಲೆ.

ನಡುವೆ ಒಬ್ಬನನ್ನು ಬಿಟ್ಟೆ, ಬೇಕಂತಲೇ. ನಾಲ್ಕನೇ ಕೌಂಟ್, ಇವನ ಹೆಸರೂ ಫ್ರಾನ್ಸಿಸ್ಕೋ. ಎರಡನೇ ಕೌಂಟ್ ಜೊತೆ ಗೊಂದಲ ಮಾಡಿಕೊಳ್ಳಬೇಡಿ: ಅವನು ವಾಸ್ಕೋನ ಮಗ, ಇವನು ಮರಿಮಗ. 1597ರಿಂದ 1600ರವರೆಗೆ, ಮತ್ತೆ 1622ರಿಂದ 1628ರವರೆಗೆ ಗೋವಾದಲ್ಲಿ ವೈಸರಾಯ್ ಆಗಿದ್ದ. ಹಳೇ ಗೋವಾದಲ್ಲಿ ಮಾಂಡೋವಿ ದಡದಿಂದ ಮೇಲೆ ಬಂದರೆ ಸಿಗುವ ವೈಸರಾಯ್ ಕಮಾನು ಇವನದೇ ಕೆಲಸ, ಮುತ್ತಜ್ಜನ ನೆನಪಿಗೆ ಕಟ್ಟಿಸಿದ್ದು. ಹೋದರೆ ಹೊಳೆಯ ಕಡೆಯಿಂದ ತಲೆ ಎತ್ತಿ ನೋಡಿ: ಗೂಡಿನಲ್ಲಿ ವಾಸ್ಕೋನ ಮೂರ್ತಿ ನಿಂತಿದೆ, ಮನೆತನದ ಗುರುತಾದ ಜಿಂಕೆಯೂ ಇದೆ. ಈ ಮರಿಮಗನಿಗೆ ಗೋವಾದಲ್ಲಿ ಶತ್ರುಗಳು ಬಹಳ. ಮೊದಲ ಅವಧಿ ಮುಗಿಯುವ ಹೊತ್ತಿಗೆ ಆ ಸಿಟ್ಟನ್ನು ಅವರು ಮುತ್ತಜ್ಜನ ಮೂರ್ತಿಯ ಮೇಲೆ ತೀರಿಸಿಕೊಂಡರು. ಕೆಳಗೆಳೆದು ಒಡೆದೇಬಿಟ್ಟರು. ಆಮೇಲೆ ಮೂರ್ತಿ ಮತ್ತೆ ಗೂಡು ಸೇರಿತು. ಕಮಾನು ಕೂಡ ಒಮ್ಮೆ ಕುಸಿದು, 1954ರಲ್ಲಿ ಹೊಸದಾಗಿ ಎದ್ದಿತು.