ಪದ ಪರಿಚಯ: ಬ್ಯಾಡ್ ಸೆಕ್ಟರ್

"ಬ್ಯಾಡ್ ಸೆಕ್ಟರ್ ಬಂದಿದೆ. ಫಾರ್ಮ್ಯಾಟ್ ಹೊಡೆದರೆ ಸರಿಯಾಗ್ತದೆ."

ಕಳೆದ ಆಟಿ ತಿಂಗಳ ಜಡಿಮಳೆಯಲ್ಲಿ, ಉಡುಪಿಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಕೇಳಿದ ಮಾತು. ಮೇಜಿನ ಮೇಲಿದ್ದದ್ದು ನನ್ನ ದೊಡ್ಡಪ್ಪನ 500 ಜಿಬಿಯ ಹಾರ್ಡ್ ಡಿಸ್ಕ್. ಮೂವತ್ತು ವರ್ಷ ಬಯಲಾಟಗಳಿಗೆ ಹೋಗಿ, ಚೌಕಿಯ ಹತ್ತಿರ ರಾತ್ರಿಯಿಡೀ ಕೂತು ಅವರು ಟೇಪಿಗೆ ಹಿಡಿದ ಯಕ್ಷಗಾನವೆಲ್ಲ ಅದರಲ್ಲಿತ್ತು. ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯತೊಡಗಿದಾಗ, 2010ರಲ್ಲಿ, ಎಲ್ಲವನ್ನೂ ಎಂಪಿ3 ಮಾಡಿಸಿ ಈ ಡಿಸ್ಕಿಗೆ ಹಾಕಿಸಿದ್ದರು. ಆಮೇಲೆ ಕ್ಯಾಸೆಟ್ಟುಗಳನ್ನು ಎಸೆದರು. ಇನ್ನೊಂದು ಪ್ರತಿ ಎಲ್ಲಿಯೂ ಇರಲಿಲ್ಲ.

ಅಂಗಡಿಯವರ ಮೊದಲ ಮಾತು ನಿಜವಾಗಿತ್ತು. ಎರಡನೆಯದೂ ಸುಳ್ಳಲ್ಲ. ಆದರೆ ಫಾರ್ಮ್ಯಾಟ್ ಹೊಡೆದರೆ ಸರಿಯಾಗುವುದು ಡಿಸ್ಕ್ ಮಾತ್ರ, ಅದರೊಳಗಿನ ಹಾಡಲ್ಲ. ಬ್ಯಾಡ್ ಸೆಕ್ಟರ್ ಎಂಬ ಪದದ ಅರ್ಥ ಸರಿಯಾಗಿ ಗೊತ್ತಿದ್ದರೆ ಈ ವ್ಯತ್ಯಾಸ ತಾನಾಗಿಯೇ ಕಾಣುತ್ತದೆ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ‘ಸೆಕ್ಟರ್’. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಗಣಿತ ಓದಿದವರು ಇದನ್ನು ‘ತ್ರಿಜ್ಯಾಂತರ ಖಂಡ’ ಎಂದು ಕಲಿತಿರುತ್ತಾರೆ: ಎರಡು ತ್ರಿಜ್ಯಗಳ ನಡುವೆ ಸಿಗುವ ವೃತ್ತದ ತುಂಡು. ಹಾರ್ಡ್ ಡಿಸ್ಕಿನ ಒಳಗಿರುವುದು ಕಾಂತೀಯ ಲೇಪನವಿರುವ ದುಂಡು ತಟ್ಟೆಗಳು. ತಟ್ಟೆಯ ಮೇಲೆ ಒಂದರೊಳಗೊಂದು ವೃತ್ತಗಳಾಗಿ ಟ್ರ್ಯಾಕುಗಳಿರುತ್ತವೆ. ಹಳೆಯ ಡಿಸ್ಕುಗಳಲ್ಲಿ ಈ ಟ್ರ್ಯಾಕುಗಳನ್ನು ತ್ರಿಜ್ಯದ ಗೆರೆಗಳಿಂದ ಸಮನಾಗಿ ಹಂಚುತ್ತಿದ್ದರು, ಹಾಗಾಗಿ ಆ ಹೆಸರು. ಈಗ ಹೊರಗಿನ ಉದ್ದದ ಟ್ರ್ಯಾಕಿನಲ್ಲಿ ಹೆಚ್ಚು ತುಂಡು, ಒಳಗಿನ ಗಿಡ್ಡ ಟ್ರ್ಯಾಕಿನಲ್ಲಿ ಕಡಿಮೆ ತುಂಡು. ರೇಖಾಗಣಿತದ ಲೆಕ್ಕಕ್ಕೆ ಅದು ತ್ರಿಜ್ಯಾಂತರ ಖಂಡವಾಗಿ ಉಳಿದಿಲ್ಲ, ಹೆಸರು ಮಾತ್ರ ಉಳಿದಿದೆ.

ಒಂದು ಸೆಕ್ಟರಿನ ಅಳತೆ ಬಹುಕಾಲ 512 ಬೈಟ್ ಇತ್ತು. 2010ರ ಆಸುಪಾಸಿನಿಂದ ಬಂದ ಡಿಸ್ಕುಗಳಲ್ಲಿ ಅದು 4096 ಬೈಟಿಗೆ ಏರಿತು. ದೊಡ್ಡಪ್ಪನದು ಹಳೆಯ ಲೆಕ್ಕದ 500 ಜಿಬಿ, ಅಂದರೆ 97,67,73,168 ಸೆಕ್ಟರುಗಳು. ಡಿಸ್ಕ್ ಯಾವತ್ತೂ ಅರ್ಧ ಸೆಕ್ಟರ್ ಕೊಡುವುದಿಲ್ಲ. ಕೊಟ್ಟರೆ ಪೂರ್ತಿ, ಇಲ್ಲದಿದ್ದರೆ ಏನೂ ಇಲ್ಲ.

ಯಾಕೆಂದರೆ ಪ್ರತಿ ಸೆಕ್ಟರಿನ ಜೊತೆಗೂ ತಪ್ಪು ತಿದ್ದುವ ಒಂದು ಸಂಕೇತ ಬರೆದಿರುತ್ತದೆ. ತಟ್ಟೆ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತಿರುವಾಗ, ಅದರಿಂದ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತ ಹೆಡ್ ಎಂಬ ಓದುವ-ಬರೆಯುವ ಮೊನೆ ಓದಬೇಕು. ಅಲ್ಲೊಂದು ಇಲ್ಲೊಂದು ಬಿಟ್ ತಪ್ಪುವುದು ಹೊಸ ಡಿಸ್ಕಿನಲ್ಲೂ ಇದ್ದದ್ದೇ. ಆ ಸಂಕೇತದ ಬಲದಿಂದ ಡಿಸ್ಕ್ ಅದನ್ನು ತಾನೇ ತಿದ್ದಿಕೊಳ್ಳುತ್ತದೆ, ನಮಗೆ ತಿಳಿಯುವುದೇ ಇಲ್ಲ. ತಿದ್ದುವ ಶಕ್ತಿಯನ್ನು ಮೀರಿ ತಪ್ಪಿದ್ದರೆ ಮತ್ತೆ ಮತ್ತೆ ಓದಲು ನೋಡುತ್ತದೆ. ಹಾಳಾಗುತ್ತಿರುವ ಡಿಸ್ಕಿನಲ್ಲಿ ಒಂದು ಫೋಲ್ಡರ್ ತೆರೆಯಲು ಅಷ್ಟು ಹೊತ್ತು ಹಿಡಿಯುವುದು ಇದೇ ಕಾರಣಕ್ಕೆ. ಕೊನೆಗೂ ಆಗದಿದ್ದರೆ ‘ಓದಲಾಗಲಿಲ್ಲ’ ಎಂದು ಉತ್ತರ ಬರುತ್ತದೆ. ಅಂದರೆ ಬ್ಯಾಡ್ ಸೆಕ್ಟರ್ ಎಂದರೆ ಖಾಲಿ ಜಾಗವಲ್ಲ, ಅಕ್ಷರ ಅಳಿಸಿಹೋದ ಜಾಗ ಎಂದೂ ಹೇಳುವಂತಿಲ್ಲ. ತಾನು ಓದಿದ್ದು ಸರಿ ಎಂದು ಡಿಸ್ಕಿಗೇ ಭರವಸೆ ಇಲ್ಲದ ಜಾಗ ಅದು.

ಇದಕ್ಕೆ ಎರಡು ಬಗೆಯ ಕಾರಣಗಳಿವೆ. ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಅಕ್ಷರಕ್ಕೂ ಅದರ ಸಂಕೇತಕ್ಕೂ ತಾಳೆಯಾಗುವುದಿಲ್ಲ. ತಟ್ಟೆಗೆ ಏನೂ ಆಗಿರುವುದಿಲ್ಲ, ಮತ್ತೆ ಬರೆದರೆ ಆ ಜಾಗ ಚೆನ್ನಾಗಿಯೇ ಇರುತ್ತದೆ. ನಮ್ಮ ಕರಾವಳಿಯ ಗುಡುಗು ಮಿಂಚಿನ ಸಂಜೆಗಳಲ್ಲಿ ಇದಕ್ಕೆ ಬೇಕಾದಷ್ಟು ಅವಕಾಶವುಂಟು. ಇನ್ನೊಂದು ನಿಜವಾದ ಗಾಯ: ಡಿಸ್ಕ್ ಕೈತಪ್ಪಿ ಬಿದ್ದು ಹೆಡ್ ತಟ್ಟೆಗೆ ತಾಗಿದ್ದು, ಲೇಪನ ಸವೆದದ್ದು, ಒಳಗೆ ಕಣವೊಂದು ಸಿಕ್ಕಿ ಗೀರಿದ್ದು. ಇವೆರಡರಲ್ಲಿ ಯಾವುದು ಎಂದು ಓದುವಾಗ ಡಿಸ್ಕಿಗೆ ಗೊತ್ತಾಗುವುದಿಲ್ಲ.

ಹಾಗಾಗಿ ಅದು ಆ ಸೆಕ್ಟರನ್ನು ‘ಪೆಂಡಿಂಗ್’ ಪಟ್ಟಿಗೆ ಸೇರಿಸುತ್ತದೆ. ಡಿಸ್ಕ್ ತನ್ನ ಆರೋಗ್ಯದ ಲೆಕ್ಕ ಇಟ್ಟುಕೊಳ್ಳುವ ಸ್ಮಾರ್ಟ್ ಎಂಬ ವ್ಯವಸ್ಥೆಯಲ್ಲಿ 197ನೆಯ ಸಾಲು ಇದು. ಪ್ರತಿ ಡಿಸ್ಕಿನಲ್ಲೂ ಕಾದಿರಿಸಿದ ಬದಲಿ ಸೆಕ್ಟರುಗಳಿರುತ್ತವೆ. ಕೆಟ್ಟ ಸೆಕ್ಟರಿನ ನಂಬರನ್ನು ಬದಲಿಗೆ ಕೊಟ್ಟರೆ ಕೆಲಸ ಮುಂದುವರಿಯುತ್ತದೆ, ಬಾಗಿಲ ಮೇಲಿನ ನಂಬರ್ ಅದೇ, ಮನೆ ಬೇರೆ. ಹಾಗೆ ಬದಲಾದವುಗಳ ಎಣಿಕೆ 5ನೆಯ ಸಾಲಿನಲ್ಲಿ ಸಿಗುತ್ತದೆ. ಹಾಗಾದರೆ ಓದಲಾಗದ ಕೂಡಲೇ ಬದಲಾಯಿಸಬಹುದಲ್ಲ, ಕಾಯುವುದು ಯಾಕೆ? ಬದಲಿ ಮನೆ ಖಾಲಿ. ಹಳೆಯದರಲ್ಲಿ ಏನಿತ್ತು ಎಂದು ತಿಳಿಯದೆ ಬದಲಾಯಿಸಿದರೆ, ಮುಂದಿನ ಸಲ ಕೇಳಿದವರಿಗೆ ಖಾಲಿಯನ್ನೇ ‘ಇಗೋ ನಿಮ್ಮ ಹಾಡು’ ಎಂದು ಕೊಟ್ಟಂತಾಗುತ್ತದೆ. ಆದ್ದರಿಂದ ಡಿಸ್ಕ್ ಕಾಯುತ್ತದೆ. ಯಾವತ್ತಾದರೂ ಒಂದು ಸಲ ಸರಿಯಾಗಿ ಓದಲು ಸಿಗಬಹುದು, ಅಥವಾ ನಾವೇ ಆ ಜಾಗದಲ್ಲಿ ಹೊಸದನ್ನು ಬರೆಯಬಹುದು. ಹೊಸದನ್ನು ಬರೆದೆವೆಂದರೆ ಹಳೆಯದು ನಮಗೆ ಬೇಡ ಎಂದೇ ಅದು ತಿಳಿಯುತ್ತದೆ. ಆಮೇಲೆ ಜಾಗ ಚೆನ್ನಾಗಿದ್ದರೆ ಅಲ್ಲೇ, ಇಲ್ಲದಿದ್ದರೆ ಬದಲಿಯಲ್ಲಿ ಬರೆದು ಪಟ್ಟಿಯಿಂದ ತೆಗೆದುಬಿಡುತ್ತದೆ. ಇಷ್ಟು ಪ್ರಾಮಾಣಿಕವಾಗಿ ಯೋಚಿಸಿ ಮಾಡಿದ ಏರ್ಪಾಡು ಕಂಪ್ಯೂಟರಿನಲ್ಲಿ ಬೇರೆ ಸಿಗುವುದು ಕಷ್ಟ ಎಂದು ನನಗೆ ಅನ್ನಿಸುತ್ತದೆ.

ಈಗ ಅಂಗಡಿಯವರ ಮಾತಿಗೆ ಬನ್ನಿ. ವಿಂಡೋಸ್ ವಿಸ್ಟಾದಿಂದ ಈಚೆಗೆ ಪೂರ್ತಿ ಫಾರ್ಮ್ಯಾಟ್ ಎಂದರೆ ಆ ಪಾರ್ಟಿಷನ್ನಿನ, ಅಂದರೆ ಡಿಸ್ಕಿನ ಆ ಪಾಲಿನ, ಉದ್ದಕ್ಕೂ ಸೊನ್ನೆ ಬರೆಯುವುದು. ಬರೆದ ಕೂಡಲೇ ಪೆಂಡಿಂಗ್ ಲೆಕ್ಕ ಇಳಿಯುತ್ತದೆ, ಡಿಸ್ಕ್ ಚುರುಕಾಗುತ್ತದೆ, ಸರಿಯಾದ ಹಾಗೆಯೇ ಕಾಣುತ್ತದೆ. ಫೈಲಿಗೆ ನಾವು ಬಳಸುವ ‘ಕಡತ’ ಎಂಬ ಪದ ಇಲ್ಲಿ ನೆನಪಾಗುತ್ತದೆ. ಮೂಲದಲ್ಲಿ ಕಡತವೆಂದರೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದ ಕಪ್ಪು ಬಟ್ಟೆ. ಬಳಪದಿಂದ ಬರೆದು, ಮಡಚಿ ಇಡುತ್ತಿದ್ದರು. ಸವೆದ ಕಡತಕ್ಕೆ ಮತ್ತೆ ಕಪ್ಪು ಬಳಿದರೆ ಅದು ಹೊಸದಾಗುತ್ತದೆ, ಅದರಲ್ಲಿದ್ದ ಲೆಕ್ಕ ಹೋಗುತ್ತದೆ. ಫಾರ್ಮ್ಯಾಟ್ ಮಾಡುವುದೂ ಅದನ್ನೇ. ‘ಚೆಕ್‌ಡಿಸ್ಕ್’ ಎಂಬ, ಡಿಸ್ಕಿನ ತಪ್ಪು ಹುಡುಕುವ ವಿಂಡೋಸ್ ಸಲಕರಣೆಯನ್ನು ರಿಪೇರಿಗೆಂದು ಓಡಿಸುವುದೂ ಈ ಹೊತ್ತಿನಲ್ಲಿ ಅಪಾಯವೇ. ಅದು ಫೈಲುಗಳ ಪಟ್ಟಿಯನ್ನು ಆ ರೋಗಿ ಡಿಸ್ಕಿನ ಮೇಲೆಯೇ ತಿದ್ದಿ ಬರೆಯುತ್ತದೆ.

ಬೇಕಾದದ್ದು ರಿಪೇರಿಯಲ್ಲ, ನಕಲು. ಮಠಗಳ ಊರಾದ ಉಡುಪಿಯಲ್ಲಿ ಇದನ್ನು ವಿವರಿಸುವುದು ಸುಲಭ. ಹುಳ ತಿಂದ ತಾಳೆಗರಿಯನ್ನು ಪ್ರತಿ ಮಾಡುವವರು, ತೂತು ಬಿದ್ದಲ್ಲಿ ಅಷ್ಟು ಜಾಗ ಖಾಲಿ ಬಿಟ್ಟು ಮುಂದೆ ಬರೆಯುತ್ತಾರೆ. ಗ್ರಂಥಸಂಪಾದನೆ ಮಾಡುವವರು ಹಾಗೆ ಬಿಟ್ಟುಹೋದ ಭಾಗಕ್ಕೆ ‘ಗ್ರಂಥಪಾತ’ ಎನ್ನುತ್ತಾರೆ. ಗ್ನೂ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಮಾಡುವುದು ಇದನ್ನೇ. ಮೊದಲ ಸುತ್ತಿನಲ್ಲಿ ಸುಲಭವಾಗಿ ಸಿಗುವುದನ್ನೆಲ್ಲ ಇನ್ನೊಂದು ಒಳ್ಳೆಯ ಡಿಸ್ಕಿಗೆ ಬಾಚಿಕೊಳ್ಳುತ್ತದೆ. ಎಡವಿದಲ್ಲಿ ನಿಲ್ಲದೆ ದಾಟಿ ಹೋಗುತ್ತದೆ. ಆಮೇಲೆ ಬಿಟ್ಟ ಜಾಗಗಳ ಅಂಚುಗಳಿಂದ ಒಳಗೆ ಬರುತ್ತದೆ, ಕೊನೆಗೆ ಒಂದೊಂದೇ ಸೆಕ್ಟರ್ ಕೆರೆಯುತ್ತದೆ. ಎಲ್ಲಿ ಸಿಕ್ಕಿತು, ಎಲ್ಲಿ ಸಿಗಲಿಲ್ಲ ಎಂಬ ನಕ್ಷೆಯನ್ನು ಬೇರೆ ಫೈಲಿನಲ್ಲಿ ಬರೆದಿಡುವುದರಿಂದ ನಡುವೆ ಕರೆಂಟ್ ಹೋದರೂ ಬಿಟ್ಟಲ್ಲಿಂದ ಹಿಡಿಯಬಹುದು. ಈ ಕ್ರಮ ಮುಖ್ಯ. ಸಾಯುತ್ತಿರುವ ಡಿಸ್ಕ್ ಇನ್ನೆಷ್ಟು ಗಂಟೆ ತಿರುಗುತ್ತದೋ ಹೇಳಲಾಗದು. ಗಾಯವಾದ ಜಾಗದಲ್ಲಿ ಮೊದಲೇ ಉಜ್ಜುತ್ತ ಕೂತರೆ ಚೆನ್ನಾಗಿದ್ದದ್ದೂ ಕೈಬಿಡಬಹುದು.

ಡಿಸ್ಕನ್ನು ಮನೆಗೆ ತಂದು, ಲಿನಕ್ಸ್ ಹಾಕಿದ ಪೆನ್‌ಡ್ರೈವಿನಿಂದ ಲ್ಯಾಪ್‌ಟಾಪ್ ಎಬ್ಬಿಸಿ, ಇನ್ವರ್ಟರಿಗೆ ಸಿಕ್ಕಿಸಿ ಓಡಿಸಿದೆ. ದೊಡ್ಡಪ್ಪ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತರು. ಪರದೆಯ ಮೇಲಿನ ಅಂಕಿಗಳು ಓಡುವುದು ನಿಂತಾಗಲೆಲ್ಲ ಅವರ ಮುಖ ಸಣ್ಣದಾಗುತ್ತಿತ್ತು.

"ಎಷ್ಟು ಹೋಯ್ತು ಮಗಾ?"

"ಹೋಗ್ಲಿಲ್ಲ ದೊಡ್ಡಪ್ಪ, ಇನ್ನೂ ಸಿಗ್ಲಿಲ್ಲ ಅಷ್ಟೆ. ನೀವು ಮಲಗಿ."

ಅವರು ಮಲಗಲಿಲ್ಲ. ಬೆಳಗಾಗುವಾಗ ಸಿಗದೆ ಉಳಿದದ್ದು 3 ಎಂಬಿ. ಮರುದಿನ ಸಂಜೆಯವರೆಗೆ ಕೆರೆದ ಮೇಲೆ ಅದು 400 ಕೆಬಿಗೆ ಇಳಿಯಿತು.

ಅಷ್ಟು ಸಣ್ಣ ಅಂಕಿ ನೋಡಿ ನಿರಾಳವಾಗಬಹುದು, ಆದರೆ ಪೆಟ್ಟು ಎಲ್ಲಿ ಬಿದ್ದಿದೆ ಎಂಬುದೇ ದೊಡ್ಡ ಪ್ರಶ್ನೆ. 128 ಕೆಬಿಪಿಎಸ್ ಎಂಪಿ3 ಸೆಕೆಂಡಿಗೆ 16,000 ಬೈಟ್ ತೆಗೆದುಕೊಳ್ಳುತ್ತದೆ. 4096 ಬೈಟಿನ ಸೆಕ್ಟರ್ ಹೋದರೆ ಕಾಲು ಸೆಕೆಂಡ್ ಹಾಡು, 512ರದ್ದಾದರೆ ಸೆಕೆಂಡಿನ ಮೂವತ್ತೊಂದರಲ್ಲಿ ಒಂದು ಪಾಲು. ಎಂಪಿ3 ಸಣ್ಣ ಸಣ್ಣ ತುಣುಕುಗಳ ಮಾಲೆ, ಪ್ರತಿ ತುಣುಕಿಗೂ ಅದರದೇ ತಲೆಬರಹ. ಹಾಗಾಗಿ ಒಂದು ಕಡೆ ಎಡವಿ ಮುಂದೆ ಹಾಡುತ್ತದೆ. ಜೆಪೆಗ್ ಚಿತ್ರ ಹಾಗಲ್ಲ, ನಡುವೆ ಪೆಟ್ಟು ಬಿದ್ದರೆ ಸಾಮಾನ್ಯವಾಗಿ ಅಲ್ಲಿಂದ ಕೆಳಗೆ ಬಣ್ಣ ಕೆಡುತ್ತದೆ ಅಥವಾ ಬರೀ ಬೂದು ಬಣ್ಣವಾಗುತ್ತದೆ. ಎಂಪಿ4 ವಿಡಿಯೊದಲ್ಲಿ ಸೂಚಿಯ ಭಾಗಕ್ಕೆ ತಗಲಿದರೆ ಇಡೀ ಮದುವೆ ವಿಡಿಯೊ ತೆರೆಯುವುದೇ ಇಲ್ಲ. ಫೈಲುಗಳ ಪಟ್ಟಿಗೇ ತಗಲಿದರೆ ಒಳಗಿನದು ಇದ್ದೂ ಹೆಸರಿರುವುದಿಲ್ಲ. ಆಗ ಫೋಟೊರೆಕ್‌ನಂಥ ತಂತ್ರಾಂಶ ಫೈಲುಗಳ ತಲೆಯಲ್ಲಿರುವ ಗುರುತು ಹಿಡಿದು ಹೆಕ್ಕಿ ಕೊಡುತ್ತದೆ, ಹೆಸರು ನಾವೇ ಇಡಬೇಕು. ಅದನ್ನು ಓಡಿಸುವುದು ನಕಲಿನ ಮೇಲೆ, ಮೂಲದ ಮೇಲಲ್ಲ.

ನಕ್ಷೆಯ ಪ್ರಕಾರ ಪೆಟ್ಟು ಬಿದ್ದ ಒಂದು ಹಾಡನ್ನು ಹಾಕಿದೆವು. ಏರು ಪದ್ಯ, ಚೆಂಡೆ ಜೋರಾಗಿತ್ತು. ದೊಡ್ಡಪ್ಪ ಕಣ್ಣು ಮುಚ್ಚಿ ಕುರ್ಚಿಯ ಕೈಗೆ ಬೆರಳಿನಿಂದ ತಾಳ ಹಾಕುತ್ತಿದ್ದರು. ಒಂದು ಕಡೆ ಧ್ವನಿ ತುಂಡಾಗಿ ಮತ್ತೆ ಕೂಡಿತು. ಅವರ ಬೆರಳು ಆ ಪೆಟ್ಟನ್ನು ಬಿಡದೆ ಹಾಕಿತು.

ಬ್ಯಾಡ್ ಸೆಕ್ಟರ್ ಅಲ್ಲದ್ದನ್ನೂ ಜನ ಆ ಹೆಸರಿನಿಂದ ಕರೆಯುತ್ತಾರೆ. ಸ್ಮಾರ್ಟ್‌ನ 199ನೆಯ ಸಾಲು, ಅಂದರೆ ಡಿಸ್ಕಿಗೂ ಕಂಪ್ಯೂಟರಿಗೂ ನಡುವಿನ ಸಾಗಣೆಯಲ್ಲಿ ಆದ ತಪ್ಪುಗಳ ಎಣಿಕೆ, ಏರುತ್ತಿದ್ದರೆ ಹೆಚ್ಚಾಗಿ ಕೇಬಲಿನದೇ ದೋಷ, ಮೊದಲು ಕೇಬಲ್ ಬದಲಿಸಿ ನೋಡಿ. ‘ಟಕ್, ಟಕ್’ ಎಂದು ಒಂದೇ ಲಯದಲ್ಲಿ ಬಡಿಯುತ್ತಿದ್ದರೆ ಅದು ಸೆಕ್ಟರಿನ ಮಾತಲ್ಲ, ಹೆಡ್ಡಿನ ತೊಂದರೆ ಇರಬಹುದು. ಆಗ ಡಿಡಿರೆಸ್ಕ್ಯೂ ಕೂಡ ಬೇಡ. ಕೂಡಲೇ ಕರೆಂಟ್ ತೆಗೆದು, ಧೂಳಿಲ್ಲದ ಕೋಣೆಯಲ್ಲಿ ಡಿಸ್ಕ್ ಬಿಚ್ಚುವ ಸೌಕರ್ಯ ಇರುವವರಿಗೇ ಕಳುಹಿಸಬೇಕು. ಖರ್ಚು ಜಾಸ್ತಿ, ಆದರೆ ಬೇರೆ ದಾರಿ ಇಲ್ಲ. ಫ್ರೀಜರಿನಲ್ಲಿಟ್ಟು ತೆಗೆಯುವ ಹಳೆಯ ಉಪಾಯವನ್ನು ನಮ್ಮ ಊರಲ್ಲಂತೂ ಮಾಡಬೇಡಿ. ಮಂಗಳೂರು, ಉಡುಪಿಯ ಹಸಿ ಗಾಳಿಯಲ್ಲಿ ತಣ್ಣಗಿನ ಡಿಸ್ಕ್ ಹೊರಗೆ ಬಂದ ಕೂಡಲೇ ಬೆವರುತ್ತದೆ. ಸಾಮಾನ್ಯ ಹಾರ್ಡ್ ಡಿಸ್ಕಿಗೆ ಗಾಳಿಯಾಡಲು ಸಣ್ಣ ತೂತು ಇರುವುದರಿಂದ ಆ ತೇವ ಒಳಗೂ ಕಟ್ಟಿಕೊಳ್ಳುತ್ತದೆ.

ದೊಡ್ಡಪ್ಪನ ಹಾಡುಗಳ ಒಂದು ಪ್ರತಿ ಈಗ ನನ್ನ ಬಳಿ, ಇನ್ನೊಂದು ಮಂಗಳೂರಿನಲ್ಲಿ ಅಕ್ಕನ ಮನೆಯಲ್ಲಿದೆ. ಹಳೆಯ ಡಿಸ್ಕನ್ನು ಅವರು ಎಸೆಯಲು ಬಿಡಲಿಲ್ಲ. ಅದರ ಮೇಲೆ ಕಾಗದ ಅಂಟಿಸಿ, ದಪ್ಪ ಅಕ್ಷರದಲ್ಲಿ ‘ಇದರಲ್ಲಿ ಏನೂ ಬರೆಯಬಾರದು’ ಎಂದು ಬರೆದು ಕಪಾಟಿನಲ್ಲಿಟ್ಟಿದ್ದಾರೆ.