ತ್ರಿಕೋನ ಸ್ಕೇಲು: ಯಾವ ಅಂಚು ಬಟ್ಟೆಯ ಮೇಲೆ ಕೂರಬೇಕು?

ಮೊದಲು ನನ್ನ ಎಡವಟ್ಟು ಹೇಳಿಬಿಡುತ್ತೇನೆ. ಚಿಕ್ಕಪೇಟೆಯಿಂದ ತಂದ ಎರಡು ಬಣ್ಣದ ಕಾಟನ್ನಿನಲ್ಲಿ ಕ್ವಿಲ್ಟಿನ (ಬಟ್ಟೆ ತುಂಡು ಜೋಡಿಸಿ ಹೊಲಿಯುವ ಹೊದಿಕೆ) ಹದಿನಾರು ಬ್ಲಾಕಿಗೆ, ಅಂದರೆ ತುಂಡು ಸೇರಿಸಿ ಮಾಡುವ ಚೌಕಗಳಿಗೆ, ತ್ರಿಕೋನ ಕತ್ತರಿಸಿದೆ. ಅಳತೆಯೆಲ್ಲ ಸರಿಯಾಗಿಯೇ ಇತ್ತು. ಹೊಲಿದು ಇಸ್ತ್ರಿ ಹಾಕಿದರೆ ಬ್ಲಾಕಿನ ಅಂಚೆಲ್ಲ ಕರಿದ ಹಪ್ಪಳದ ಹಾಗೆ ಸೊಟ್ಟಗೆ ಎದ್ದು ನಿಂತಿತು. ಸ್ಕೇಲನ್ನು ತಪ್ಪು ಬದಿಯಿಂದ ಇಟ್ಟಿದ್ದೆ, ಅಷ್ಟೇ.

ಒಂದು ಕರ್ಚೀಫ್ ತೆಗೆದುಕೊಳ್ಳಿ. ಅಂಚಿನ ಉದ್ದಕ್ಕೆ ಎಳೆದರೆ ಅಷ್ಟಾಗಿ ಜಗ್ಗುವುದಿಲ್ಲ. ಎದುರುಬದುರು ಮೂಲೆ ಹಿಡಿದು ಎಳೆದರೆ ರಬ್ಬರಿನಂತೆ ಹಿಗ್ಗುತ್ತದೆ. ಟೈಲರ್‌ಗಳು ಕ್ರಾಸ್ ಅನ್ನುವುದು ಇದನ್ನೇ. ಬ್ಲೌಸಿಗೆ ಕ್ರಾಸ್ ಕಟ್ ಬೇಕು, ಮೈಗೆ ಕೂರುತ್ತದೆ. ಕ್ವಿಲ್ಟ್ ಬ್ಲಾಕಿನ ಹೊರ ಅಂಚಿಗೆ ಮಾತ್ರ ಬೇಡ. ಅಲ್ಲಿ ನೇರ ನೂಲೇ ಬರಬೇಕು, ಅಂದರೆ ಬಟ್ಟೆಯ ನೂಲು ಅಂಚಿನ ಉದ್ದಕ್ಕೇ ಓಡಬೇಕು.

ಇನ್ನು ಸ್ಕೇಲು. ಅಂಗಡಿಯಲ್ಲಿ ಎರಡು ಸ್ಕೇಲು ತೋರಿಸುತ್ತಾರೆ. ಒಂದು ಹಾಫ್ ಸ್ಕ್ವೇರ್ (ಚೌಕದ ಅರ್ಧದ ತ್ರಿಕೋನಕ್ಕೆ), ಇನ್ನೊಂದು ಕ್ವಾರ್ಟರ್ ಸ್ಕ್ವೇರ್ (ಚೌಕದ ಕಾಲು ಭಾಗದ ತ್ರಿಕೋನಕ್ಕೆ). ಎರಡರಲ್ಲೂ ಕೋನಗಳು 45, 45, 90 ಡಿಗ್ರಿಯೇ. ಹಾಗಾದರೆ ಎರಡು ಯಾಕೆ? ಹಾಫ್ ಸ್ಕ್ವೇರಿನಲ್ಲಿ ಎರಡು ಗಿಡ್ಡ ಬದಿ ನೇರ ನೂಲಿನಲ್ಲಿ ಬರುತ್ತವೆ, ಉದ್ದ ಬದಿ ಕ್ರಾಸ್ ಆಗುತ್ತದೆ. ಕ್ವಾರ್ಟರ್ ಸ್ಕ್ವೇರಿನಲ್ಲಿ ಇದು ಉಲ್ಟಾ: ಉದ್ದ ಬದಿ ನೇರ, ಗಿಡ್ಡವು ಕ್ರಾಸ್. ಅದಕ್ಕೇ ಸ್ಕೇಲು ಕೈಗೆತ್ತಿಕೊಳ್ಳುವ ಮುಂಚೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ತುಂಡಿನ ಯಾವ ಬದಿ ಬ್ಲಾಕಿನ ಹೊರಗೆ ಬರುತ್ತದೆ? ಆ ಬದಿಯನ್ನೇ, ನೇರ ನೂಲಿಗೆ ಕತ್ತರಿಸಿಕೊಂಡ ಬಟ್ಟೆ ಪಟ್ಟಿಯ ಅಂಚಿಗೆ ಕೂರಿಸಿ.

ಲೆಕ್ಕ ನೋಡೋಣ. ಕ್ವಿಲ್ಟಿಗೆ ಹೊಲಿಗೆ ಮಾರ್ಜಿನ್ ಕಾಲು ಇಂಚು. ಹೊಲಿದ ಮೇಲೆ ಗಿಡ್ಡ ಬದಿ 3 ಇಂಚು ಬರಬೇಕು ಅಂದುಕೊಳ್ಳಿ. ಈ ಸ್ಕೇಲು ಇಲ್ಲದಿದ್ದರೆ 3⅞ ಇಂಚಿನ ಚೌಕ ಕತ್ತರಿಸಿ ಮೂಲೆಯಿಂದ ಮೂಲೆಗೆ ಸೀಳಬೇಕು. ಆ 7/8 ಎಲ್ಲಿಂದ ಬಂತು? ಚೂಪು ಮೂಲೆಯಲ್ಲಿ ಮಾರ್ಜಿನ್ ಓರೆಯಾಗಿ ಹರಿದು ಜಾಸ್ತಿ ಬಟ್ಟೆ ತಿನ್ನುತ್ತದೆ. ಕೂಡಿಸಿದರೆ ಸುಮಾರು 0.85 ಇಂಚು, ಅದನ್ನು 7/8 ಮಾಡಿಕೊಂಡಿದ್ದಾರೆ. ಹಾಫ್ ಸ್ಕ್ವೇರ್ ಸ್ಕೇಲು ಇದ್ದರೆ 3½ ಇಂಚಿನ ಪಟ್ಟಿ ಸಾಕು. ಚೂಪು ಮೂಲೆಯ ಆ ಜಾಸ್ತಿ ಬಟ್ಟೆ ಬಿಟ್ಟೇ ಕತ್ತರಿಸಲೆಂದು ಸ್ಕೇಲಿನ ತುದಿ ಮೊಂಡಾಗಿರುತ್ತದೆ. ನಾನು ಮೊದಲ ಸಲ ನೋಡಿದಾಗ ತುದಿ ಮುರಿದಿದೆ ಅಂದುಕೊಂಡು ಬೇರೆ ಕೊಡಿ ಅಂದಿದ್ದೆ! ಉದ್ದ ಬದಿ 6 ಇಂಚು ಬೇಕಾದ ಕ್ವಾರ್ಟರ್ ಸ್ಕ್ವೇರಿಗೆ 7¼ ಇಂಚಿನ ಚೌಕವನ್ನು ಮೂಲೆಯಿಂದ ಮೂಲೆಗೆ ಎರಡೂ ಕಡೆ ಸೀಳಿದರೆ ನಾಲ್ಕು ಸಿಗುತ್ತವೆ.

60 ಡಿಗ್ರಿ ಸ್ಕೇಲಿನ (ಮೂರೂ ಬದಿ ಸಮವಿರುವ ತ್ರಿಕೋನಕ್ಕೆ) ಮಾತು ಬೇಗ ಮುಗಿಸುತ್ತೇನೆ. ತುದಿ ಚೂಪಿದ್ದರೆ, ಹೊಲಿದ ಮೇಲೆ ಬರಬೇಕಾದ ಎತ್ತರಕ್ಕೆ ಮುಕ್ಕಾಲು ಇಂಚು ಸೇರಿಸಿ ಪಟ್ಟಿ ಕತ್ತರಿಸಿ. ಕಾಲು ಇಂಚು ಮೊಂಡಾದ ತುದಿಯಿದ್ದರೆ ಅರ್ಧ ಇಂಚು.

ಮಕ್ಕಳ ಜಾಮೆಟ್ರಿ ಬಾಕ್ಸಿನ ಮೂಲೆಮಟ್ಟ ಸಾಲದೇ ಅಂತ ಕೇಳುವವರಿಗೆ: ಗೆರೆ ಎಳೆದು ಕತ್ತರಿಯಲ್ಲಿ ಕತ್ತರಿಸಲು ಸಾಕು. ಉರುಳುವ ದುಂಡು ಬ್ಲೇಡಿನ ರೋಟರಿ ಕಟರ್‌ಗೆ ಬೇಡ. ಅದು ತೆಳು, ಬ್ಲೇಡು ಮೇಲೆ ಹತ್ತಿ ಬೆರಳಿಗೆ ಬರುತ್ತದೆ. ಸುಮಾರು 3 ಮಿ.ಮೀ. ದಪ್ಪದ ಅಕ್ರಿಲಿಕ್ ಆದರೆ ಬ್ಲೇಡು ಅದಕ್ಕೆ ಒರಗಿಕೊಂಡೇ ಓಡುತ್ತದೆ. ಅಚ್ಚಾದ ಗೆರೆ ಅಡಿಯ ಮೈಯಲ್ಲಿರಲಿ, ಬಟ್ಟೆಗೆ ತಾಗಿಕೊಂಡೇ ಇರುತ್ತದೆ. ಜಾರುತ್ತಿದ್ದರೆ ಸ್ಯಾಂಡ್ ಪೇಪರಿನ ಸಣ್ಣ ಚೂರು ಮೂರು ಮೂಲೆಗೂ ಅಂಟಿಸಿ.

ಕತ್ತರಿಸುವಾಗ ಎರಡೂ ಬಣ್ಣದ ಪಟ್ಟಿಗಳನ್ನು ಮುಖಕ್ಕೆ ಮುಖ ಸೇರಿಸಿ ಇಡಿ. ಒಂದು ಸಲ ಸ್ಕೇಲು ನೆಟ್ಟಗೆ, ಮುಂದಿನ ಸಲ ತಿರುಗಿಸಿ. ಜೋಡಿ ಜೋಡಿಯಾಗಿಯೇ ಮಷೀನಿಗೆ ಹೋಗುತ್ತವೆ. ಅದಕ್ಕೂ ಮುಂಚೆ ಬಟ್ಟೆಗೆ ಗಂಜಿ ಹಾಕಿ ಇಸ್ತ್ರಿ ಮಾಡಿದ್ದರೆ ಕ್ರಾಸ್ ಬದಿ ಕೈಗೆ ಅಷ್ಟು ಹಿಗ್ಗುವುದಿಲ್ಲ. ಜುಲೈ ಮಳೆಯಲ್ಲಿ ನಮ್ಮ ಬೆಂಗಳೂರಿನಲ್ಲಿ ಗಂಜಿ ಬಟ್ಟೆ ಒಣಗುವುದೇ ಕಷ್ಟ, ಫ್ಯಾನಿನ ಕೆಳಗೆ ಹರವಿಬಿಡಿ.

ಹೊಸ ಸ್ಕೇಲಿನಲ್ಲಿ ಮೊದಲು ಹಳೇ ಪಂಚೆಯ ಎರಡು ತುಂಡು ಕತ್ತರಿಸಿ. ಒಂದನ್ನು ಮಗುಚಿ ಇನ್ನೊಂದರ ಮೇಲಿಡಿ. ಎಲ್ಲಾದರೂ ದಾರದಷ್ಟು ಹೊರಗೆ ಇಣುಕಿದರೂ ಒಳ್ಳೆ ಬಟ್ಟೆ ಮುಟ್ಟಬೇಡಿ.